ಫ್ಯಾನ್ ತಿರುಗಿದ ಫೋಟೋ

ಹಣ್ಣು ಕಾಫಿಯನ್ನು ಕಣದಲ್ಲಿ ಹರಡಿ ಎರಡು ಮೂರು ದಿನವಾದರೆ ಒಂದು ಹುಳಿ ವಾಸನೆ ಏಳುತ್ತದೆ. ಕೊಡಗಿನವರಿಗೆ ಅದು ವಾಸನೆಯೇ ಅಲ್ಲ, ಡಿಸೆಂಬರಿನ ಗಾಳಿ ಅಷ್ಟೇ. ಹೊರಗಿನವರು ಮೂಗು ಮುಚ್ಚಿಕೊಂಡರೆ ನಾವು ನಗುತ್ತೇವೆ. ಹೋದ ಡಿಸೆಂಬರಿನಲ್ಲಿ ಸುಂಟಿಕೊಪ್ಪದಲ್ಲಿ ಬಸ್ಸಿಳಿದು, ಪೇಟೆ ದಾಟಿ ನಡೆಯುವಾಗ ರಸ್ತೆ ಬದಿಯ ಕಣವೊಂದರಿಂದ ಆ ವಾಸನೆ ಬಂತು, ನನ್ನ ಕಾಲು ಅಲ್ಲೇ ನಿಂತಿತು. ಕೈಯಲ್ಲಿ ಒಂದು ಕವರು, ಕವರಿನೊಳಗೆ ಒಂದು ಫೋಟೋ. ಅದನ್ನು ತೆಗೆದು ಐದು ವರ್ಷ ದಾಟಿತ್ತು. ತೋರಿಸಬೇಕಾದವಳ ಮನೆ ಇನ್ನು ಹತ್ತು ನಿಮಿಷದ ದಾರಿ. ತಿರುಗಿ ಬಸ್‌ಸ್ಟ್ಯಾಂಡಿಗೆ ಹೋಗಿಬಿಡೋಣ ಅನ್ನಿಸಿತು. ಐದು ವರ್ಷ ನಾನು ಮಾಡಿದ್ದು ಅದನ್ನೇ.

ಆಗ ನಾನು ಬಿಟ್ಟಂಗಾಲದ ಹತ್ತಿರ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ನಮ್ಮ ಕಡೆ ರೈಟರ್ ಅಂದರೆ ಬೆಳಿಗ್ಗೆ ಆಳುಗಳು ವಾಸಿಸುವ ಲೈನ್ ಮನೆಗಳ ಮುಂದೆ ನಿಂತು ಅವರ ಹಾಜರಿ ಹಾಕುವವನು, ಯಾರು ತೋಟದ ಯಾವ ಬ್ಲಾಕಿಗೆ ಎಂದು ಕಳಿಸುವವನು, ಸಂಜೆ ಚೀಲ ತೂಗಿಸುವವನು. ಮನೆ ಕುಶಾಲನಗರದ ಆಚೆ. ಅಜ್ಜನ ಕಾಲದಲ್ಲಿ ಅರಕಲಗೂಡಿನ ಕಡೆಯಿಂದ ಬಂದು ನೆಲೆ ನಿಂತ, ಜೋಳ, ಶುಂಠಿ ಬೆಳೆಯುವವರು ನಾವು. ಹದಿನೇಳು ವರ್ಷ ಆ ತೋಟದಲ್ಲಿ ಕೆಲಸ ಮಾಡಿದೆ. ರೈಟರನ ಕೆಲಸವೆಲ್ಲ ಕೆಳಗೆ ನೋಡುವ ಕೆಲಸ. ಗಿಡದ ಬುಡದಲ್ಲಿ ಗೊಬ್ಬರ ಬಿತ್ತೇ, ಕಾಂಡಕ್ಕೆ ಹುಳ ಹೊಕ್ಕಿತೇ, ಪಿಕ್ಕಿಂಗ್ ಮಾಡಿದ ಸಾಲಿನಲ್ಲಿ ನೆಲಕ್ಕೆ ಎಷ್ಟು ಹಣ್ಣು ಉದುರಿದೆ. ಹದಿನೇಳು ವರ್ಷ ತಲೆ ತಗ್ಗಿಸಿದ ಮನುಷ್ಯನಿಗೆ ಒಂದು ದಿನ ತಲೆ ಎತ್ತಬೇಕು ಅನ್ನಿಸಿದರೆ ಅದರಲ್ಲಿ ತಪ್ಪೇನಿದೆ ಎಂದು ಆಗ ಕೇಳುತ್ತಿದ್ದೆ. ಈಗ ಕೇಳುವುದಿಲ್ಲ.

ಮಾಕುಟ್ಟದ ಕಾಡಿನಾಚೆ, ಕೇರಳದ ಕಡೆ, ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ತೋಟದ ಮೇಲೆ ವಿಮಾನಗಳು ತಗ್ಗಿ ಹೋಗತೊಡಗಿದವು. ಅದಕ್ಕೆ ಮೊದಲು ಕೊಡಗಿನ ಆಕಾಶದಲ್ಲಿ ವಿಮಾನವೆಂದರೆ ಬಹಳ ಎತ್ತರದಲ್ಲಿ ಒಂದು ಬಿಳಿ ಗೆರೆ. ಈಗ ಹೊಟ್ಟೆ ಕಾಣುತ್ತಿತ್ತು, ರೆಕ್ಕೆ ಕಾಣುತ್ತಿತ್ತು, ಬಿಸಿಲು ಬಿದ್ದರೆ ಕಿಟಕಿಯ ಸಾಲೂ ಹೊಳೆಯುತ್ತಿತ್ತು. ತೋಟದ ತುದಿಯಲ್ಲಿ ಒಂದು ಕೆರೆ ಇದೆ, ಅದರ ಏರಿಯ ಮೇಲೆ ಮಾತ್ರ ನೆರಳು ಮರಗಳಿಲ್ಲ, ಆಕಾಶ ಪೂರ್ತಿ ತೆರೆದಿರುತ್ತದೆ. ಅಲ್ಲಿ ನಿಂತು ಮೊಬೈಲಿನಲ್ಲಿ ತೆಗೆದ ಮೊದಲ ಫೋಟೋ ನೋಡಿದರೆ ಬಿಳಿ ಗೋಡೆಯ ಮೇಲೆ ನೊಣ ಕೂತ ಹಾಗಿತ್ತು. ಹುಚ್ಚು ಹಿಡಿದದ್ದು ಅಲ್ಲಿಂದ.

ವಿರಾಜಪೇಟೆಯಲ್ಲಿ ಮದುವೆ ಫೋಟೋ ತೆಗೆಯುವ ಹಮೀದ್ ಭಾಯಿ ಎಂಬವರು ಹೊಸ ಕ್ಯಾಮೆರಾ ತೆಗೆದುಕೊಂಡು ಹಳೆಯದನ್ನು ದೊಡ್ಡ ಲೆನ್ಸಿನ ಸಮೇತ ನನಗೆ ಕೊಟ್ಟರು. ಯಾತಕ್ಕೆ ಅಂದಾಗ ವಿಮಾನಕ್ಕೆ ಅಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಹಮೀದ್ ಭಾಯಿ ನಗಲಿಲ್ಲ.

“ರೈಟರ್ ಸಾಬ್, ಮದುಮಗಳಿಗೆ ಸ್ವಲ್ಪ ನಿಲ್ಲಮ್ಮ ಅಂದ್ರೆ ನಿಲ್ತಾಳೆ. ವಿಮಾನ ನಿಲ್ಲಲ್ಲ. ನೀವೇ ಅದರ ಜೊತೆ ತಿರುಗ್ಬೇಕು, ಸೊಂಟದಿಂದ. ಕೈಯಿಂದ ಅಲ್ಲ.”

ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಉಸಿರು ಅರ್ಧ ಬಿಟ್ಟು, ಸೊಂಟವನ್ನು ನಿಧಾನ ತಿರುಗಿಸುವುದನ್ನು ಅವರು ಅಂಗಡಿಯ ಮುಂದೆಯೇ ತೋರಿಸಿಕೊಟ್ಟರು. ಎದುರಿಗೆ ಹೋಗುವ ಬಸ್ಸುಗಳ ಮೇಲೆ ಅಭ್ಯಾಸ ಮಾಡಿ ಅಂದರು. ಒಂದು ಭಾನುವಾರವಿಡೀ ನಾನು ರಸ್ತೆ ಬದಿಯಲ್ಲಿ ನಿಂತು ಬಸ್ಸುಗಳಿಗೆ ಕ್ಯಾಮೆರಾ ಹಿಡಿದೆ. ಒಬ್ಬ ಡ್ರೈವರ್ ನಿಲ್ಲಿಸಿ, ಸ್ಪೀಡ್ ಕೇಸ್ ಹಾಕ್ತೀರಾ ಸಾರ್ ಎಂದು ಕೇಳಿದ.

ಅದು ಹುತ್ತರಿ ಹಬ್ಬ ಕಳೆದು ಪಿಕ್ಕಿಂಗ್ ಶುರುವಾಗುವ ಹೊತ್ತು. ಮಳೆಗಾಲದ ಮೋಡ ಹೋಗಿ ಆಕಾಶ ತೊಳೆದಿಟ್ಟ ಹಾಗಿತ್ತು. ಬೆಳಿಗ್ಗೆ ಏಳೂ ಐವತ್ತರ ಸುಮಾರಿಗೆ ಒಂದು ಸಣ್ಣ ವಿಮಾನ ಬರುತ್ತಿತ್ತು, ರೆಕ್ಕೆಗೊಂದರಂತೆ ಎರಡು ಫ್ಯಾನ್ ಇರುವಂಥದ್ದು. ಉಳಿದವೆಲ್ಲ ಮಧ್ಯಾಹ್ನ ಬರುತ್ತಿದ್ದವು. ಆಗ ಬಿಸಿಲಿಗೆ ಗಾಳಿಯೇ ಕುದಿಯುವುದರಿಂದ ಫೋಟೋ ನೀರಿನೊಳಗೆ ತೆಗೆದಂತೆ ಬರುತ್ತದೆ. ಹಾಗಾಗಿ ನನಗೆ ಸಿಕ್ಕಿದ್ದು ಆ ಬೆಳಗಿನ ಫ್ಯಾನ್ ವಿಮಾನ ಒಂದೇ.

ಮೊದಲ ಹತ್ತು ದಿನ ವಿಮಾನವೇ ಚೌಕಟ್ಟಿನೊಳಗೆ ಬರಲಿಲ್ಲ. ಆಮೇಲೆ ಬಂತು, ಕಪ್ಪಗೆ, ಕಾಗೆಯ ನೆರಳಿನಂತೆ. ಬೆಳ್ಳಗಿನ ಆಕಾಶ ನೋಡಿ ಕ್ಯಾಮೆರಾ ಮೋಸ ಹೋಗುತ್ತದೆ, ಬೆಳಕನ್ನು ಒಂದು ಹಂತ ಹೆಚ್ಚಿಸಿ ಎಂದು ವಾಟ್ಸ್ಯಾಪ್ ಗುಂಪಿನಲ್ಲಿ ಯಾರೋ ಹೇಳಿಕೊಟ್ಟರು. ಹೌದು, ಗುಂಪೂ ಇತ್ತು. ಬೇರೆ ಬೇರೆ ಊರಿನ ಇಪ್ಪತ್ತು ಮಂದಿ, ವಿಮಾನ ಬಿಟ್ಟರೆ ಬೇರೆ ಮಾತಿಲ್ಲ. ಅವರಲ್ಲಿ ಹಿರಿಯರೊಬ್ಬರಿದ್ದರು, ರೈಲ್ವೆಯಿಂದ ನಿವೃತ್ತರು. ನಾನು ಫೋಟೋ ಹಾಕಿದ ಐದು ನಿಮಿಷಕ್ಕೆ ಅವರ ಎರಡೇ ಶಬ್ದ ಬರುತ್ತಿತ್ತು: ‘ಫ್ಯಾನ್ ನಿಂತಿದೆ.’

ಅದರ ಅರ್ಥ ತಿಳಿಯಲು ನನಗೆ ಒಂದು ವಾರ ಬೇಕಾಯಿತು. ಓಡುವ ವಿಮಾನ ಅಲುಗದಂತೆ ಬರಲಿ ಎಂದು ನಾನು ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ತೆಗೆಯುತ್ತಿದ್ದೆ. ಆ ವೇಗಕ್ಕೆ ಫ್ಯಾನಿನ ಎಲೆಗಳೂ ನಿಂತುಬಿಡುತ್ತವೆ. ನೋಡಿದರೆ ಎಂಜಿನ್ ಕೆಟ್ಟ ವಿಮಾನ ಆಕಾಶದಲ್ಲಿ ನೇತುಹಾಕಿದಂತೆ. ಫ್ಯಾನ್ ತಿರುಗುವುದು ಕಾಣಬೇಕಾದರೆ ನಿಧಾನಕ್ಕೆ ತೆಗೆಯಬೇಕು, ನೂರಿಪ್ಪತ್ತೈದರಲ್ಲೊಂದು ಸೆಕೆಂಡು. ಅಷ್ಟು ನಿಧಾನಕ್ಕೆ ತೆಗೆದರೆ ನನ್ನ ಕೈಯ ನಡುಕವೆಲ್ಲ ವಿಮಾನದ ಮೈಗೆ ಬರುತ್ತಿತ್ತು. ಲೆನ್ಸ್ ಸರಿಯಿಲ್ಲ ಎಂದು ಹಮೀದ್ ಭಾಯಿಗೆ ಫೋನ್ ಮಾಡಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಿಮ್ಮಲ್ಲೇ ಗಾದೆ ಇದೆಯಲ್ಲ ಸಾಬ್, ಅಂದರು.

ಒಂದು ರಜೆಯ ದಿನ ಇನ್ನೂ ತಗ್ಗಿ ಬರುವ ವಿಮಾನ ಸಿಕ್ಕೀತೆಂದು ಮಾಕುಟ್ಟದ ಚೆಕ್‌ಪೋಸ್ಟಿನವರೆಗೂ ಹೋದೆ. ಮರಗಳ ನಡುವೆ ಆಕಾಶ ಒಂದು ಪಟ್ಟಿಯಷ್ಟೇ ಕಾಣುತ್ತಿತ್ತು. ಅಲ್ಲಿದ್ದ ಕಾವಲಿನವನು ನನ್ನ ಲೆನ್ಸ್ ನೋಡಿ ಹತ್ತಿರ ಬಂದ.

“ಆನೆ ಫೋಟೋನಾ?”

“ಅಲ್ಲ, ವಿಮಾನ.”

“ಆನೆ ಬಿಟ್ಟು ವಿಮಾನನಾ? ಇಲ್ಲಿ ಮೇಲೆ ನೋಡ್ಕೊಂಡು ನಿಲ್ಬೇಡಿ ಮಾರಾಯ್ರೆ. ಇಲ್ಲಿ ಏನು ಬಂದ್ರೂ ಕೆಳಗಿಂದಾನೇ ಬರೋದು.”

ಇದನ್ನು ತೋಟದಲ್ಲಿ ಹೇಳಿಕೊಂಡು ನಾನೇ ನಕ್ಕಿದ್ದೆ. ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕವಳು ರಾಜಮ್ಮ.

ರಾಜಮ್ಮನ ಬಗ್ಗೆ ಹೇಳಬೇಕು, ಇಲ್ಲಿಯವರೆಗೆ ಬರೆದದ್ದೆಲ್ಲ ಅವಳ ಬಗ್ಗೆ ಹೇಳದೆ ತಪ್ಪಿಸಿಕೊಳ್ಳಲಿಕ್ಕೇ ಇರಬೇಕು. ಅವಳು ನಮ್ಮ ಲೈನ್ ಮನೆಯ ಹಿರಿಯ ಆಳು. ಅಪ್ಪನ ಕಾಲದಲ್ಲಿ ತಮಿಳುನಾಡಿನ ಕಡೆಯಿಂದ ಬಂದವರು, ಅವಳು ಹುಟ್ಟಿದ್ದು ಆ ಲೈನಿನಲ್ಲೇ. ನನಗಿಂತ ಐದಾರು ವರ್ಷ ದೊಡ್ಡವಳು. ಪಿಕ್ಕಿಂಗಿನಲ್ಲಿ ಅವಳ ಕೈಗೆ ಸಮ ಯಾರೂ ಇರಲಿಲ್ಲ. ಒಳ್ಳೆಯ ಸಾಲು ಹಿಡಿಯಬೇಕೆಂದು ದಿನಾ ಎಲ್ಲರಿಗಿಂತ ಹತ್ತು ಹೆಜ್ಜೆ ಮುಂದೆ ಬ್ಲಾಕಿಗೆ ಬರುತ್ತಿದ್ದಳು. ನನಗಿಂತ ಮೊದಲು ವಿಮಾನದ ಶಬ್ದ ಅವಳಿಗೆ ಕೇಳುತ್ತಿತ್ತು. ವಿಮಾನ ಎಲ್ಲಿದೆ ಎಂದು ತೋರಿಸುವ ಮೊಬೈಲಿನ ಆ್ಯಪು ಇನ್ನೂ ಹುಡುಕುತ್ತಿರುವಾಗಲೇ ಕೆಳಗೆ ಲೈನ್ ಮನೆಗಳ ಕಡೆಯಿಂದ ಅವಳ ಕೂಗು ಬರುತ್ತಿತ್ತು.

“ರೈಟ್ರೇ, ಬಂತು! ಫ್ಯಾನಿಂದು!”

ಸಂಜೆ ಚೀಲ ತೂಗುವಾಗ ಬಂದು ಕ್ಯಾಮೆರಾದ ಪರದೆ ತೋರಿಸಿ ಅನ್ನುತ್ತಿದ್ದಳು. ನೋಡಿ ತೀರ್ಪು ಕೊಡುತ್ತಿದ್ದಳು.

“ಅಲುಗಿದೆ.”

“ಸ್ವಲ್ಪ ಅಷ್ಟೇ ರಾಜಮ್ಮ.”

“ಸ್ವಲ್ಪ ಅಲುಗಿದ್ರೂ ಅಲುಗಿದ್ದೇ ಅಲ್ವಾ ರೈಟ್ರೇ. ನಾನು ಹಣ್ಣಿನ ಜೊತೆ ಸ್ವಲ್ಪ ಕಾಯಿ ಕಿತ್ತು ಹಾಕಿದ್ರೆ ನೀವು ಬಿಡ್ತೀರಾ?”

ಹೀಗೆ ಅವಳ ಮಾತು ಕೇಳಿ ಕೇಳಿ ನಾನು ಸುಧಾರಿಸಿದೆ. ಕೇಳುವುದಕ್ಕೆ ವಿಚಿತ್ರ ಅನ್ನಿಸಬಹುದು, ಆದರೆ ಆ ಚಳಿಗಾಲದಲ್ಲಿ ನನ್ನ ಗುರುಗಳು ಅವಳು ಮತ್ತು ಆ ರೈಲ್ವೆಯವರು.

ಈಗ ಗೆಲ್ಲಿನ, ಅಂದರೆ ಒಂದು ಮರದ ರೆಂಬೆಯ, ವಿಷಯ. ನಮ್ಮ ಕೆರೆಗೆ ರಾತ್ರಿ ಆನೆಗಳು ಬರುತ್ತಿದ್ದವು. ಕೆಲವು ಸಲ ಬೆಳಕಾದ ಮೇಲೂ ಕಾಡಿಗೆ ಮರಳದೆ ತೋಟದೊಳಗೇ ನಿಂತುಬಿಡುತ್ತಿದ್ದವು. ಹಣ್ಣು ಕಾಫಿ ತಿಂದು ಹಾಕಿದ ಲದ್ದಿಯಲ್ಲಿ ಬೀಜಗಳು ಇಡಿಯಾಗಿ ಕಾಣುತ್ತಿದ್ದವು. ಆದ್ದರಿಂದ ಆಳುಗಳು ಬ್ಲಾಕಿಗೆ ಇಳಿಯುವ ಮೊದಲು ಒಬ್ಬರು ಒಳಗಿನ ಕಾಲುದಾರಿಯನ್ನು ಈ ತುದಿಯಿಂದ ಆ ತುದಿಗೆ ನಡೆದು ನೋಡಬೇಕು. ಹೆಜ್ಜೆ, ಲದ್ದಿ, ಮುರಿದ ಕೊಂಬೆ ಯಾವುದೂ ಇಲ್ಲವೆಂದು ಖಾತ್ರಿಯಾದರೆ ಬ್ಲಾಕಿನ ಬಾಯಿಗೆ ಬಂದು, ಸಿಲ್ವರ್ ಮರದ ಹಸಿ ಗೆಲ್ಲೊಂದನ್ನು ಬೇಲಿಯ ಕಂಬಕ್ಕೆ ಸಿಕ್ಕಿಸಬೇಕು. ಗೆಲ್ಲು ಇದ್ದರೆ ದಾರಿ ನೋಡಿಯಾಗಿದೆ ಎಂದು ಅರ್ಥ. ಇಲ್ಲದಿದ್ದರೆ ತೋಟದ ಸಾವ್ಕಾರ್ರೇ ಬಂದು ಹೇಳಿದರೂ ಯಾರೂ ಒಳಗೆ ಕಾಲಿಡುತ್ತಿರಲಿಲ್ಲ. ಎಷ್ಟೋ ವರ್ಷ ಈ ಕೆಲಸ ಮಾಡಿದ ವಾಚರ್ ಮಂಡಿನೋವಿನಿಂದ ಬಿಟ್ಟುಹೋದ ಮೇಲೆ, ಆ ವರ್ಷ ಅದು ನನ್ನ ಮೇಲೆ ಬಿತ್ತು.

ಡಿಸೆಂಬರಿನಲ್ಲಿ ಸರಿಯಾಗಿಯೇ ಮಾಡಿದೆ. ಏಳೂಕಾಲಿಗೆ ಹೊರಟು ದಾರಿ ನೋಡಿ, ಗೆಲ್ಲು ಸಿಕ್ಕಿಸಿ, ಜೀಪ್ ರಸ್ತೆ ಹತ್ತಿ ಏರಿಗೆ ಹೋದರೆ ವಿಮಾನಕ್ಕೆ ಸಮಯ ಸರಿಹೋಗುತ್ತಿತ್ತು. ಜನವರಿಯಲ್ಲಿ ಮಂಜು ದಟ್ಟವಾಯಿತು. ಏಳೂವರೆಯವರೆಗೂ ಮರಗಳ ಕೆಳಗೆ ಮೂರು ಮಾರು ಆಚೆ ಕಾಣುತ್ತಿರಲಿಲ್ಲ. ಮಂಜು ಹರಿದ ಮೇಲೆ ದಾರಿ ನೋಡಿದರೆ ವಿಮಾನ ಹೋಗಿರುತ್ತಿತ್ತು. ನಾಲ್ಕು ದಿನ ಹಾಗೆ ತಪ್ಪಿತು. ಐದನೇ ದಿನ ನನಗೊಂದು ಉಪಾಯ ಹೊಳೆಯಿತು. ಹೋಗುವಾಗಲೇ ಗೆಲ್ಲು ಸಿಕ್ಕಿಸಿಬಿಡುವುದು, ಏರಿಗೆ ಹೋಗಿ ಫೋಟೋ ತೆಗೆಯುವುದು, ಇಳಿದು ಬರುವಾಗ ಜೀಪ್ ರಸ್ತೆ ಬಿಟ್ಟು ಬ್ಲಾಕಿನ ಒಳದಾರಿಯಲ್ಲೇ ನೋಡಿಕೊಂಡು ಬರುವುದು. ಎಂಟು ಗಂಟೆಗೆ ಆಳುಗಳು ಬರುವಷ್ಟರಲ್ಲಿ ನಾನು ಬ್ಲಾಕಿನ ಬಾಯಿಯಲ್ಲಿ ನಿಂತಿರುತ್ತೇನೆ. ದಾರಿ ನೋಡುವುದು ನಿಲ್ಲಲಿಲ್ಲವಲ್ಲ, ಹಿಂದೆ ಮುಂದೆ ಆಯಿತು ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಇಪ್ಪತ್ತು ದಿನ ನಡೆಯಿತು. ಏನೂ ಆಗಲಿಲ್ಲ. ಏನೂ ಆಗದೇ ಇದ್ದದ್ದೇ ನನ್ನನ್ನು ಹಾಳು ಮಾಡಿತು.

ಆ ಇಪ್ಪತ್ತು ದಿನಗಳಲ್ಲಿ ಫೋಟೋಗಳು ಮಾತ್ರ ಒಂದಕ್ಕಿಂತ ಒಂದು ಚೆನ್ನಾಗಿ ಬಂದವು. ಕೈ ಹದಕ್ಕೆ ಬಂದಿತ್ತು. ವೇಗವನ್ನು ದಿನಕ್ಕಿಷ್ಟು ಎಂದು ಇಳಿಸುತ್ತ ಬಂದೆ, ಐನೂರರಲ್ಲೊಂದು, ಮುನ್ನೂರರಲ್ಲೊಂದು, ಇನ್ನೂರರಲ್ಲೊಂದು. ಫ್ಯಾನಿನ ಎಲೆಗಳು ಮೆಲ್ಲಗೆ ಕರಗತೊಡಗಿದವು. ಮದುವೆಯಾದ ಹೊಸದರಲ್ಲೂ ನಾನು ಬೆಳಿಗ್ಗೆ ಅಷ್ಟು ಹುರುಪಿನಿಂದ ಎದ್ದವನಲ್ಲ. ಸಾವ್ಕಾರ್ರು ಕೂಡ ಜೀಪು ನಿಲ್ಲಿಸಿ, “ಏನ್ರೀ ರೈಟರ್, ಇವತ್ತು ಪ್ಲೇನ್ ಬಿತ್ತಾ ಬಲೆಗೆ?” ಎಂದು ತಮಾಷೆ ಮಾಡುತ್ತಿದ್ದರು. ಕೊಡವ ಹಿರಿಯರು, ನನ್ನ ಮೇಲೆ ಪೂರ್ತಿ ನಂಬಿಕೆ ಇಟ್ಟವರು.

ಜನವರಿಯ ಕೊನೆಯ ವಾರದ ಒಂದು ಗುರುವಾರ. ಮಂಜು ಬೇಗ ಹರಿದಿತ್ತು. ಅಂದರೆ ದಾರಿ ಮೊದಲು ನೋಡಿ ಹೋಗಲು ಸಮಯವಿತ್ತು. ಇದನ್ನು ನಾನು ಎಷ್ಟು ಸಲ ಲೆಕ್ಕ ಹಾಕಿದ್ದೇನೋ ನನಗೇ ಗೊತ್ತಿಲ್ಲ. ಆದರೆ ಅಷ್ಟರಲ್ಲಿ ಅಭ್ಯಾಸವಾಗಿಹೋಗಿತ್ತು. ಏಳೂ ಮೂವತ್ತೈದಕ್ಕೆ ಗೆಲ್ಲು ಸಿಕ್ಕಿಸಿ ಏರಿಗೆ ಹತ್ತಿದೆ. ಆ್ಯಪ್ ತೆರೆದರೆ ವಿಮಾನ ತಡ. ಏಳೂ ಐವತ್ತಾಯಿತು, ಬರಲಿಲ್ಲ. ಏಳೂ ಐವತ್ತೈದು. ಇಳಿದು ಹೋಗಬೇಕು ಎಂದು ಮನಸ್ಸು ಒಂದು ಸಲ ಸ್ಪಷ್ಟವಾಗಿ ಹೇಳಿತು. ಅದೇ ಹೊತ್ತಿಗೆ ಆ್ಯಪಿನಲ್ಲಿ ಆ ಪುಟ್ಟ ಹಳದಿ ಗುರುತು ನಮ್ಮ ಕಡೆಗೆ ತಿರುಗಿತು. ಇನ್ನು ಐದಾರು ನಿಮಿಷ ಅಷ್ಟೇ. ಬಿಸಿಲು ಅವತ್ತು ವಿಮಾನದ ಹೊಟ್ಟೆಗೆ ಪಕ್ಕದಿಂದ ಬೀಳುವಂತಿತ್ತು. ಅಂಥ ಬೆಳಕು ಆ ಇಡೀ ಚಳಿಗಾಲದಲ್ಲಿ ಸಿಕ್ಕಿರಲಿಲ್ಲ. ನಾನು ನಿಂತೆ. ಮರೆತದ್ದಲ್ಲ, ಗೊತ್ತಿದ್ದೇ ನಿಂತೆ.

ಎಂಟೂ ನಾಲ್ಕಕ್ಕೆ ಬಂತು. ಎಂದಿಗಿಂತ ತಗ್ಗಿ, ನೇರ ಕೆರೆಯ ಮೇಲೆ. ಮೊಣಕೈ ಪಕ್ಕೆಗೆ, ಉಸಿರು ಅರ್ಧ, ಸೊಂಟದಿಂದ ತಿರುಗಿದೆ. ಏಳು ಫೋಟೋ. ಕೂಡಲೇ ಪರದೆಯಲ್ಲಿ ದೊಡ್ಡದು ಮಾಡಿ ನೋಡಿದೆ. ನಾಲ್ಕನೆಯದು. ರೆಕ್ಕೆಯ ಕೆಳಗಿನ ಅಕ್ಷರಗಳು ಒಂದೊಂದೂ ಕೊರೆದ ಹಾಗೆ, ಎರಡು ಫ್ಯಾನೂ ದುಂಡಗೆ, ತೆಳ್ಳಗೆ, ತಿರುಗುತ್ತ. ಒಂದು ಚೂರೂ ಅಲುಗಿರಲಿಲ್ಲ. ಕೆಳಗಿನಿಂದ ಒಂದು ಕೂಗು ಕೇಳಿಸಿತು. ರಾಜಮ್ಮ ವಿಮಾನಕ್ಕೆ ಕೂಗಿದಳು ಎಂದುಕೊಂಡು, ಪರದೆಯಿಂದ ಕಣ್ಣು ತೆಗೆಯದೆ, ಸಿಕ್ಕಿತು ಎನ್ನುವಂತೆ ಒಂದು ಕೈ ಎತ್ತಿದೆ. ಏರಿಯ ಮೇಲೆ ಮಾತ್ರ ನೆಟ್‌ವರ್ಕ್ ಸಿಗುತ್ತಿದ್ದುದರಿಂದ ಅಲ್ಲೇ ಫೋಟೋವನ್ನು ಮೊಬೈಲಿಗೆ ತೆಗೆದುಕೊಂಡು ಗುಂಪಿಗೆ ಕಳಿಸಿದೆ. ಆಮೇಲೆ ಕೆಳಗಿನಿಂದ ಹಲವರು ಒಟ್ಟಿಗೆ ಕಿರುಚಿದ್ದು ಕೇಳಿ ಓಡಿದೆ.

ಆನೆ ಅಷ್ಟರಲ್ಲಿ ಹೋಗಿತ್ತು. ರಾಜಮ್ಮ ಕಾಲುದಾರಿಯ ಮೇಲಿರಲಿಲ್ಲ. ಇಪ್ಪತ್ತು ಅಡಿ ಕೆಳಗೆ, ನೀರು ಹರಿಯುವ ತೋಡಿನ ಅಂಚಿನಲ್ಲಿ, ಕಾಫಿ ಗಿಡಗಳು ಮುರಿದು ಬಿದ್ದಲ್ಲಿ ಬಿದ್ದಿದ್ದಳು. ಎಡಗಾಲು ಮೈಯ ಕೆಳಗೆ ಹೋಗಬಾರದ ರೀತಿಯಲ್ಲಿ ಹೋಗಿತ್ತು. ಪಕ್ಕದಲ್ಲಿ ಒಂದು ಒಣಗಿದ ಕೊಂಬೆ ಬಿದ್ದಿತ್ತು. ಪ್ರಾಣವಿತ್ತು. ಜೀಪಿನಲ್ಲಿ ವಿರಾಜಪೇಟೆಗೆ, ಅಲ್ಲಿಂದ ಮೈಸೂರಿಗೆ. ಗಂಡ ತಂಗವೇಲು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಆ ದಾರಿಯುದ್ದಕ್ಕೂ ನನ್ನ ಜೇಬಿನಲ್ಲಿ ಮೊಬೈಲು ನಡುಗುತ್ತಲೇ ಇತ್ತು. ಮನೆಯಿಂದ ಇರಬಹುದೆಂದು ಆಸ್ಪತ್ರೆಯ ಬಾಗಿಲಲ್ಲಿ ತೆಗೆದು ನೋಡಿದೆ. ಗುಂಪಿನವರ ಚಪ್ಪಾಳೆಗಳು. ರೈಲ್ವೆಯ ಹಿರಿಯರು ಮೊದಲ ಸಲ ಮೂರು ಶಬ್ದ ಬರೆದಿದ್ದರು: ‘ಕೊನೆಗೂ ಫ್ಯಾನ್ ತಿರುಗಿತು.’

ಮರುದಿನ ವಿಚಾರಣೆಗೆ ಬಂದ ಅರಣ್ಯ ಇಲಾಖೆಯವರು ಸಾವ್ಕಾರ್ರ ಜಗಲಿಯಲ್ಲಿ ಕೂತಿದ್ದರು. ಎಲ್ಲರೂ ಇದ್ದರು, ಲೈನಿನವರೂ ಅಂಗಳದಲ್ಲಿ ನಿಂತಿದ್ದರು.

“ದಾರಿ ನೋಡಿದ್ದು ಯಾರು?”

“ನಾನು.”

“ಎಷ್ಟೊತ್ತಿಗೆ?”

“ಏಳೂವರೆಗೆ. ಏನೂ ಇರಲಿಲ್ಲ. ನೋಡಿ ಗೆಲ್ಲು ಸಿಕ್ಕಿಸಿದೆ.”

ಇಷ್ಟೇ. ನಾಲ್ಕು ಮಾತು. ಯಾರೂ ಹೇಳಿಕೊಟ್ಟದ್ದಲ್ಲ, ಬಾಯಿ ತಾನಾಗಿಯೇ ಹೇಳಿತು. ಹೇಳಿದ ಮೇಲೆ ನಾನು ನಿರೀಕ್ಷಿಸದ ಒಂದು ಸಂಗತಿ ನಡೆಯಿತು. ರೈಟ್ರು ದಾರಿ ನೋಡಿದ್ದರು, ದಾರಿಯಲ್ಲಿ ಏನೂ ಇರಲಿಲ್ಲ. ಹಾಗಾದರೆ ರಾಜಮ್ಮ ದಾರಿ ಬಿಟ್ಟು ಇಳಿದಿರಬೇಕು. ಯಾಕೆ ಇಳಿದಳು? ಪಕ್ಕದಲ್ಲಿ ಒಣ ಕೊಂಬೆ ಇತ್ತಲ್ಲ, ಸೌದೆಗೆ. ಒಬ್ಬರು ಅಂದದ್ದನ್ನು ಇನ್ನೊಬ್ಬರು ಹೌದು ಅಂದರು. ಸಂಜೆಯ ಹೊತ್ತಿಗೆ ಅದು ಕಣ್ಣಾರೆ ಕಂಡ ವಿಷಯದ ಹಾಗೆ ಆಗಿಹೋಯಿತು. ಒಂದು ಹೊರೆ ಸೌದೆಯ ಆಸೆಗೆ ಕಾಲು ಕಳಕೊಂಡಳು. ಸಾವ್ಕಾರ್ರು, “ಎಷ್ಟು ಸಲ ಹೇಳಿದ್ದೆ ಇವರಿಗೆ, ದಾರಿ ಬಿಡ್ಬೇಡಿ ಅಂತ,” ಎಂದು ತಲೆ ಅಲ್ಲಾಡಿಸಿದರು. ನಾನೂ ಅಲ್ಲಾಡಿಸಿದೆ. ಆ ಅಲ್ಲಾಡಿಸಿದ್ದನ್ನು ನೆನೆದರೆ ಇವತ್ತಿಗೂ ನನ್ನ ಕತ್ತನ್ನು ನಾನೇ ಹಿಸುಕಬೇಕೆನ್ನಿಸುತ್ತದೆ.

ಮೂರು ತಿಂಗಳ ಮೇಲೆ ಅವಳು ಲೈನಿಗೆ ಬಂದಾಗ ಒಂದು ಕಾಲು ಗಿಡ್ಡವಾಗಿತ್ತು, ಸೊಂಟ ಬಗ್ಗುತ್ತಿರಲಿಲ್ಲ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿ ಉದುರಿ ಮುಗಿದಿತ್ತು. ನಾನು ಕಿತ್ತಳೆ ತೆಗೆದುಕೊಂಡು ನೋಡಲು ಹೋದೆ. ಅವಳು ಏನೂ ಕೇಳಲಿಲ್ಲ. ನನ್ನನ್ನೇ ನೋಡುತ್ತ ಬಹಳ ಹೊತ್ತು ಕೂತಳು. ಮಳೆ ಯಾವಾಗ ಬರಬಹುದು ಎಂದು ನಾನು ಕೇಳಿದೆ. ಅವಳು ಗೊತ್ತಿಲ್ಲ ರೈಟ್ರೇ ಅಂದಳು. ಜೂನಿನಲ್ಲಿ ತಾಯಿಗೆ ಹುಷಾರಿಲ್ಲವೆಂದು ಸಾವ್ಕಾರ್ರಿಗೆ ಹೇಳಿ ಕೆಲಸ ಬಿಟ್ಟೆ. ತಾಯಿ ಆರೋಗ್ಯವಾಗಿದ್ದಳು. ಕ್ಯಾಮೆರಾ ಟ್ರಂಕಿನಲ್ಲಿ ಸೇರಿತು. ಗುಂಪಿನಿಂದ ಹೊರಬಂದೆ. ಕುಶಾಲನಗರದಲ್ಲಿ ಗೊಬ್ಬರ, ಬೀಜದ ಅಂಗಡಿಯೊಂದರಲ್ಲಿ ಕೂತೆ. ಮತ್ತೆ ಕೆಳಗೆ ನೋಡುವ ಕೆಲಸ.

ಆ ಅಂಗಡಿಗೆ ಬಂದ ಸುಂಟಿಕೊಪ್ಪದ ಗಿರಾಕಿಯೊಬ್ಬರು ಮಾತಿಗೆ ಮಾತು ಬಂದು, ನಮ್ಮ ಪಕ್ಕದ ಮನೆಯಲ್ಲೊಬ್ಬಳು ಇದ್ದಾಳೆ, ನಿಮ್ಮ ಬಿಟ್ಟಂಗಾಲದ ಕಡೆಯವಳು, ಸೌದೆಗೆ ಹೋಗಿ ಆನೆ ಕೈಲಿ ಸಿಕ್ಕವಳು ಎಂದರು. ಐದು ವರ್ಷವಾದ ಮೇಲೆ, ಅಷ್ಟು ದೂರದ ಊರಿನಲ್ಲಿ, ಅವಳ ಹೆಸರಿಗೆ ಮೊದಲು ಆ ಸೌದೆ ಬಂತು. ಅವತ್ತು ರಾತ್ರಿ ಟ್ರಂಕಿನಿಂದ ಕ್ಯಾಮೆರಾ ತೆಗೆದೆ. ಮರುದಿನ ಆ ನಾಲ್ಕನೇ ಫೋಟೋವನ್ನು ಪ್ರಿಂಟ್ ಹಾಕಿಸಿ, ಹಿಂದೆ ದಿನವನ್ನೂ ಎಂಟೂ ನಾಲ್ಕು ಎಂದೂ ಬರೆದೆ. ಬಾಯಿ ಕೈಕೊಟ್ಟರೆ ಅದಾದರೂ ಹೇಳಲಿ ಎಂದು.

ಸುಂಟಿಕೊಪ್ಪದ ಆ ಮನೆ ಅವಳ ತಂಗಿಯದು. ರಾಜಮ್ಮ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೋಲು ಗೋಡೆಗೆ ಒರಗಿತ್ತು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದೇಳಲು ನೋಡಿದಳು. ಆಗಲಿಲ್ಲ.

“ರೈಟ್ರಾ? ಬನ್ನಿ, ಬನ್ನಿ. ಕೂರಿ. ಅಮ್ಮ ಚೆನ್ನಾಗಿದ್ದಾರಾ?”

ನಾನು ಕವರು ಕೊಟ್ಟೆ. ಅವಳು ಕೈಯನ್ನು ಸೀರೆಗೆ ಒರೆಸಿಕೊಂಡು ಫೋಟೋ ತೆಗೆದು ಬೆಳಕಿಗೆ ಹಿಡಿದಳು. ಹಿಂದಿನ ಚೀಲ ತೂಗುವ ಸಂಜೆಗಳಂತೆಯೇ, ಮುಖ ಒಂದು ಕಡೆ ವಾರೆ ಮಾಡಿ.

“ಅಲುಗಿಲ್ಲ,” ಅಂದಳು. “ಫ್ಯಾನೂ ತಿರುಗ್ತಾ ಇದೆ.”

“ರಾಜಮ್ಮ, ಇದು ಅವತ್ತಿಂದು.”

ಅವಳು ಫೋಟೋ ತಿರುಗಿಸಿ ಹಿಂದೆ ಬರೆದದ್ದನ್ನು ನೋಡಿದಳು.

“ಅವತ್ತು ನಾನು ದಾರಿ ನೋಡಿರಲಿಲ್ಲ. ಗೆಲ್ಲು ಮೊದಲೇ ಸಿಕ್ಕಿಸಿದ್ದೆ. ಇದಕ್ಕೋಸ್ಕರ.”

“ಗೊತ್ತು ರೈಟ್ರೇ.”

ಮೊರವನ್ನು ಕೆಳಗಿಟ್ಟಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

“ದಾರಿ ಮೇಲೇ ಲದ್ದಿ ಇತ್ತು. ಬಿಸಿ ಇತ್ತು, ಹೊಗೆ ಆಡ್ತಾ ಇತ್ತು. ನನ್ನ ಕಣ್ಣಾರೆ ನೋಡ್ದೆ. ಆದ್ರೆ ಗೆಲ್ಲು ಇತ್ತಲ್ಲ. ರೈಟ್ರು ನೋಡಿದ್ದಾರೆ, ಇದು ಹಳೇದಿರ್ಬೇಕು ಅಂತ ನನಗೆ ನಾನೇ ಹೇಳ್ಕೊಂಡೆ. ಅಷ್ಟೊತ್ತಿಗೆ ಶಬ್ದ ಬಂತು. ಇವತ್ತಾದ್ರೂ ನಿಮಗೆ ಸರಿಯಾಗಿ ಸಿಗ್ತದಾ ಅಂತ ಮೇಲೆ ನೋಡ್ತಾ ನಿಂತೆ. ಪಕ್ಕದಿಂದ ಬಂದದ್ದು ಕಾಣ್ಲೇ ಇಲ್ಲ. ಎತ್ತಿ ಎಸೆದದ್ದು ಅದು, ನಾನು ಇಳಿದದ್ದಲ್ಲ.”

“ಯಾಕೆ ಹೇಳಲಿಲ್ಲ?”

“ಹೇಳ್ದೆ. ಎಲ್ರಿಗೂ ಹೇಳ್ದೆ. ರೈಟ್ರು ಸುಳ್ಳು ಹೇಳ್ತಾರಾ ಅಂತ ಕೇಳಿದ್ರು. ನೀವು ಕಿತ್ತಳೆ ತಂದ್ರಲ್ಲ ಅವತ್ತು, ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ ಕಾದೆ. ನೀವು ಮಳೆ ಬಗ್ಗೆ ಕೇಳಿದ್ರಿ.”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ನನ್ನ ಒಲೆ ಅಲ್ಲಿ ಆ ಜಗಲಿಯಲ್ಲಿ ಹೊತ್ತಿಕೊಂಡಿತು. ನಾನು ಅಳತೊಡಗಿದೆ. ಬಿಟ್ಟಂಗಾಲಕ್ಕೆ ಹೋಗಿ ಎಲ್ಲರ ಮುಂದೆ ನಿಂತು ಹೇಳುತ್ತೇನೆ, ಸಾವ್ಕಾರ್ರ ಜಗಲಿ ಹತ್ತಿ ಹೇಳುತ್ತೇನೆ, ಲೈನಿನವರನ್ನೆಲ್ಲ ಕರೆಸಿ ಹೇಳುತ್ತೇನೆ ಎಂದೆ.

“ಯಾರಿಗೆ ಹೇಳ್ತೀರಿ? ಸಾವ್ಕಾರ್ರು ತೀರ್ಕೊಂಡ್ರು. ಲೈನಲ್ಲಿ ಈಗಿರೋರೆಲ್ಲ ಅಸ್ಸಾಂನವರು, ಅವರಿಗೆ ನಾನು ಯಾರು ಅಂತಾನೇ ಗೊತ್ತಿಲ್ಲ. ನಮ್ಮನೆಯವರು ಹೋಗಿ ಎರಡು ವರ್ಷ ಆಯ್ತು.”

“ತಂಗವೇಲು?”

“ಹ್ಞೂಂ. ಕೊನೇ ದಿನದವರೆಗೂ ನನ್ನ ಎತ್ತಿ ಕೂರಿಸ್ತಾ ಇದ್ರು, ಸ್ನಾನ ಮಾಡಿಸ್ತಾ ಇದ್ರು. ಎತ್ತುವಾಗೆಲ್ಲ ಅನ್ನೋರು, ಒಂದು ಹೊರೆ ಸೌದೆಗೆ ಆಸೆ ಪಟ್ಟೆಯಲ್ಲೇ ಅಂತ. ನಾನು ಸೌದೆಗೆ ಇಳಿದಿಲ್ಲ ಅನ್ನೋದೊಂದು ಅವರು ನಂಬಿದ್ರೆ ಸಾಕಿತ್ತು.”

ಫೋಟೋವನ್ನು ಕವರಿನೊಳಗೆ ಹಾಕಿ, ಕವರಿನ ಬಾಯಿ ಮಡಚಿ, ನನ್ನ ಕಡೆ ಚಾಚಿದಳು.

“ನೀವೇ ಇಟ್ಕೊಳ್ಳಿ. ಚೆನ್ನಾಗಿ ಬಂದಿದೆ.”

ತೆಗೆದುಕೊಂಡೆ. ಪಕ್ಕದ ಕಣದಿಂದ ಆ ಹುಳಿ ವಾಸನೆ ಜಗಲಿಗೂ ಬರುತ್ತಿತ್ತು. ಅವಳು ಮೊರವನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡಳು. ಆಗ ದೂರದಲ್ಲಿ ಶಬ್ದವಾಯಿತು. ನನಗಿಂತ ಮೊದಲು ಅವಳಿಗೆ ಕೇಳಿಸಿತ್ತು ಎಂದು ಅಕ್ಕಿಯಲ್ಲಿ ಅವಳ ಬೆರಳು ನಿಂತದ್ದರಿಂದ ನನಗೆ ಗೊತ್ತಾಯಿತು. ಫ್ಯಾನ್ ವಿಮಾನದ್ದೇ ಶಬ್ದ. ಅವಳು ತಲೆ ಎತ್ತಲಿಲ್ಲ. ಅಕ್ಕಿಯನ್ನೇ ನೋಡುತ್ತ, ಅದು ಮನೆಯ ಮೇಲೆ ಹಾದು ಹೋಗಲಿ ಎಂದು ಕಾದಳು.

ನಾನು ಮೇಲೆ ನೋಡಿದೆ.